ಒಂದು ಸಾಲು ಬದಲಿಸಲು ಇಡೀ ಎಡಿಟರ್ ಕಲಿಯಬೇಕೇ?

ಪದಸಂಚಿ

ಸ್ವತಂತ್ರ ತಂತ್ರಾಂಶಗಳನ್ನು ಅನುವಾದಿಸುವವಳು ನಾನು. ಪ್ರೋಗ್ರಾಮಿಂಗ್ ಓದಿದವಳಲ್ಲ. ಪಿಒ ಕಡತ ತೆರೆಯುತ್ತೇನೆ, ಮೂಲ ವಾಕ್ಯದ ಕೆಳಗೆ ಅನುವಾದ ತುಂಬುತ್ತೇನೆ, ಉಳಿಸಿ ಕಳುಹಿಸುತ್ತೇನೆ. ಇಷ್ಟು ದಿನ ಕೈಗೆ ಸಿಕ್ಕ ಎಡಿಟರ್‌ನಲ್ಲಿ, ಅಂದರೆ ಪಠ್ಯ ತಿದ್ದುವ ತಂತ್ರಾಂಶದಲ್ಲಿ, ಈ ಕೆಲಸ ಸಾಗಿದೆ.

ಕಳೆದ ವಾರ ಗೆಳತಿಯೊಬ್ಬಳ ಪಕ್ಕದಲ್ಲಿ ಕುಳಿತು ಅವಳು ಇದೇ ಕೆಲಸವನ್ನು ಇಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಮಾಡುವುದನ್ನು ನೋಡಿದೆ. ಅದರಲ್ಲಿ ಪಿಒ ಕಡತಗಳಿಗೆಂದೇ ಪಿಒ-ಮೋಡ್ ಎಂಬುದಿದೆ. ‘ಎಫ್’ ಕೀಲಿ ಒತ್ತಿದರೆ ಮುಂದಿನ ಅನುಮಾನಾಸ್ಪದ ಅನುವಾದಕ್ಕೆ ಹೋಗುತ್ತದೆ, ಎಂಟರ್ ಒತ್ತಿದರೆ ತಿದ್ದುವ ಕಿಟಕಿ ತೆರೆಯುತ್ತದೆ. ‘ಪ್ರತಿ ಸಲ ಎರಡು ಕೀಲಿ ಏಕೆ?’ ಎಂದು ನಾನು ಸುಮ್ಮನೆ ಕೇಳಿದೆ. ಅವಳು ಕಂಟ್ರೋಲ್-ಎಚ್, ಕೆ ಒತ್ತಿ, ಅದರ ಹಿಂದೆಯೇ ಎಫ್ ಒತ್ತಿದಳು. ಆ ಕೀಲಿ ಯಾವ ಆಜ್ಞೆಯನ್ನು ಕರೆಯುತ್ತದೆ, ಅದು ಯಾವ ಕಡತದಲ್ಲಿದೆ ಎಂಬ ವಿವರ ಬಂದಿತು. ಕಡತದ ಹೆಸರಿನ ಮೇಲೆ ಎಂಟರ್ ಒತ್ತಿದಾಗ ಆ ಆಜ್ಞೆಯ ಮೂಲ ಸಂಕೇತವೇ (ಸೋರ್ಸ್ ಕೋಡ್) ಎದುರಿಗಿತ್ತು. ಕೊನೆಯಲ್ಲಿ ಆವರಣದೊಳಗೆ ಒಂದೇ ಒಂದು ಆಜ್ಞೆ ಸೇರಿಸಿ, ಬದಲಾವಣೆಯನ್ನು ಜಾರಿಗೆ ತರಲು ಕಂಟ್ರೋಲ್-ಆಲ್ಟ್-ಎಕ್ಸ್ ಒತ್ತಿ, ನನ್ನ ಕಡತಕ್ಕೆ ಮರಳಿದಳು. ಎಫ್ ಒತ್ತಿದಳು. ತಿದ್ದುವ ಕಿಟಕಿ ತಾನಾಗಿ ತೆರೆಯಿತು. ಯಾವುದನ್ನೂ ಮುಚ್ಚಿ ತೆರೆಯಲಿಲ್ಲ, ಯಾವುದನ್ನೂ ಇನ್‌ಸ್ಟಾಲ್ ಮಾಡಲಿಲ್ಲ.

ಅಂದಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ನನ್ನಂಥವಳು ಇದಕ್ಕಾಗಿ ತಿಂಗಳುಗಟ್ಟಲೆ ಸಮಯ ಕೊಡುವುದು ಸರಿಯೇ? ಸ್ವತಂತ್ರ ತಂತ್ರಾಂಶದವರು ಎಡಿಟರ್ ವಿಷಯ ಬಂದಾಗ ಇಷ್ಟು ಆವೇಶದಿಂದ ಮಾತನಾಡುವುದಕ್ಕೆ ನಿಜವಾದ ಕಾರಣವಿದೆಯೇ, ಅಥವಾ ಬರೀ ಅಭ್ಯಾಸಬಲವೇ?

ಹಳೆಕೀಲಿ

ಕಾರಣವಿದೆ. ನೀವು ಕಣ್ಣಾರೆ ಕಂಡದ್ದೇ ಆ ಕಾರಣ.

1976ರಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಇಮ್ಯಾಕ್ಸ್ ಹುಟ್ಟಿದಾಗ ಅದು ಟೆಕೋ ಎಂಬ ಎಡಿಟರ್‌ಗಾಗಿ ಬರೆದ ಮ್ಯಾಕ್ರೋಗಳ, ಅಂದರೆ ಸಿದ್ಧ ಆಜ್ಞೆಗಳ, ಕಂತೆಯಾಗಿತ್ತು. ‘ಎಡಿಟರ್ ಮ್ಯಾಕ್ರೋಸ್’ ಎಂಬುದರಿಂದಲೇ ಆ ಹೆಸರು ಬಂದದ್ದು. ಅಲ್ಲಿ ಒಬ್ಬೊಬ್ಬರೂ ತಮಗೆ ಬೇಕಾದ ಆಜ್ಞೆ ಬರೆದುಕೊಂಡಿದ್ದರು. ಅವನ್ನೆಲ್ಲ ಒಂದೆಡೆ ಸೇರಿಸಿ ಒಪ್ಪವಾಗಿ ಜೋಡಿಸಿದ್ದೇ ಇಮ್ಯಾಕ್ಸ್. ಅಂದರೆ ಬಳಸುವವರು ಬದಲಿಸುತ್ತಾರೆ ಎಂಬುದು ಅದಕ್ಕೆ ಆಮೇಲೆ ಅಂಟಿಸಿದ ಗುಣವಲ್ಲ, ಹುಟ್ಟುಗುಣ. ಸ್ವತಂತ್ರ ತಂತ್ರಾಂಶ ಚಳವಳಿ ಆರಂಭಿಸಿದ ರಿಚರ್ಡ್ ಸ್ಟಾಲ್ಮನ್ 1984ರಲ್ಲಿ ಗ್ನೂ ಇಮ್ಯಾಕ್ಸ್ ಬರೆಯಲು ಕುಳಿತಾಗ ಅದರೊಳಗೆ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೇ ಇಟ್ಟರು. 1985ರ ಹೊತ್ತಿಗೆ ಅದು ಬಳಕೆಗೆ ಬಂದಿತು. ಟೇಪಿನಲ್ಲಿ ಬೇಕೆಂದವರಿಗೆ 150 ಡಾಲರಿಗೆ ಕಳುಹಿಸಿಕೊಡುತ್ತಿದ್ದರು.

ಇನ್ನೊಂದು ಮಾತು. ಹಂಚಿಕೊಂಡ ಸಂಕೇತ ಸ್ವತಂತ್ರವಾಗಿಯೇ ಉಳಿಯಬೇಕು ಎನ್ನುವ ಜಿಪಿಎಲ್ ಪರವಾನಗಿಯ ಮೊದಲ ಆವೃತ್ತಿ 1989ರಲ್ಲಿ ಆಕಾಶದಿಂದ ಇಳಿದದ್ದಲ್ಲ. ಇಮ್ಯಾಕ್ಸ್, ಸಂಕೇತವನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ, ದೋಷ ಹುಡುಕುವ ಜಿಡಿಬಿ, ಇವುಗಳಿಗೆ ಅದಕ್ಕೂ ಮೊದಲು ಬೇರೆ ಬೇರೆ ಪರವಾನಗಿಗಳಿದ್ದವು. ಅವನ್ನು ಒಂದಾಗಿಸಿದ್ದು ಜಿಪಿಎಲ್. ಇಂದು ಕೋಟ್ಯಂತರ ಸಾಲು ಸಂಕೇತವನ್ನು ಕಾಯುತ್ತಿರುವ ಪರವಾನಗಿಯ ಬೇರು ಒಂದು ಎಡಿಟರ್‌ನಲ್ಲಿದೆ.

ಕಪ್ಪುಪರದೆ

ಜಿಪಿಎಲ್ ಹಿಂದಿನ ಜಗಳವನ್ನೂ ಹೇಳಿ. ಜೇಮ್ಸ್ ಗಾಸ್ಲಿಂಗ್ 1981ರಲ್ಲಿ ಯುನಿಕ್ಸ್‌ಗಾಗಿ ಸಿ ಭಾಷೆಯಲ್ಲಿ ಬರೆದ ಇಮ್ಯಾಕ್ಸ್‌ನ ಕೆಲವು ಭಾಗಗಳನ್ನು ಗ್ನೂ ಇಮ್ಯಾಕ್ಸ್ ಮೊದಲು ಬಳಸಿತ್ತು. ಗಾಸ್ಲಿಂಗ್ ತಮ್ಮ ಎಡಿಟರ್ ಅನ್ನು ಯುನಿಪ್ರೆಸ್ ಎಂಬ ಕಂಪನಿಗೆ ಮಾರಿದರು, ಆ ಕಂಪನಿ ಹಂಚಬೇಡಿ ಎಂದಿತು, ಸ್ಟಾಲ್ಮನ್ ಆ ಭಾಗಗಳನ್ನು ಹೊಸದಾಗಿ ಬರೆದರು. ಪರವಾನಗಿಯನ್ನು ಬರಹದಲ್ಲಿ ಕಟ್ಟಿ ಹಾಕದಿದ್ದರೆ ಹಂಚಿಕೊಂಡದ್ದು ಕೈ ತಪ್ಪಿ ಹೋಗುತ್ತದೆ ಎಂಬ ಪಾಠ ಅಲ್ಲಿಯೂ ಸಿಕ್ಕಿತು.

ಆದರೆ ಪದಸಂಚಿ ಅವರೇ, ಇಮ್ಯಾಕ್ಸ್ ಒಂದೇ ದಾರಿ ಎಂದುಕೊಳ್ಳಬೇಡಿ. ನಾನು ವಿಮ್ ಬಳಸುತ್ತೇನೆ. ಬ್ರಾಮ್ ಮೂಲೆನಾರ್ 1991ರಲ್ಲಿ ಅಮಿಗಾ ಗಣಕಕ್ಕಾಗಿ ಬಿಡುಗಡೆ ಮಾಡಿದ ಎಡಿಟರ್ ಅದು. 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಅವರೇ ಅದನ್ನು ಸಲಹಿದರು. ಇಷ್ಟವಾದರೆ ಉಗಾಂಡದ ಮಕ್ಕಳಿಗೆ ನೆರವಾಗಿ ಎಂದು ಅದರ ಆರಂಭದ ಪರದೆ ಇಂದಿಗೂ ಕೇಳುತ್ತದೆ. ಅದನ್ನು ನೋಡಿದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಎರಡನೆಯಸಾಲು

ನಿಮ್ಮ ಗೆಳತಿ ಪೊಟ್ಟಣದ (ಪ್ಯಾಕೇಜ್) ಕಡತವನ್ನೇ ತಿದ್ದಿ ಉಳಿಸಿದ್ದರೆ ಮುಂದಿನ ಅಪ್‌ಡೇಟ್ ಆದೊಡನೆ ಆ ಸಾಲು ಹೋಗುತ್ತದೆ. ಉಳಿಸದಿದ್ದರೆ ಇಮ್ಯಾಕ್ಸ್ ಮುಚ್ಚಿದೊಡನೆ ಹೋಗುತ್ತದೆ. ಮೂಲ ಆಜ್ಞೆಯನ್ನು ಮುಟ್ಟದೆ, ‘ಅದು ಮುಗಿದ ಮೇಲೆ ಇದನ್ನೂ ಮಾಡು’ ಎಂದು ಹೇಳಲು ಅಡ್ವೈಸ್-ಆ್ಯಡ್ ಇದೆ. ಅದನ್ನು, ಇಮ್ಯಾಕ್ಸ್ ಶುರುವಾದಾಗಲೆಲ್ಲ ಓದುವ ನಿಮ್ಮ ಸ್ವಂತ ಇನಿಟ್ ಕಡತದಲ್ಲಿ ಬರೆದುಕೊಳ್ಳಿ.

ಪದಸಂಚಿ

ನಿಜ, ಮರುದಿನ ಅವಳೂ ಇದನ್ನೇ ಹೇಳಿದಳು. ಆ ದಿನ ನನಗೆ ತೋರಿಸಲೆಂದು ಹಾಗೆ ಮಾಡಿದ್ದಳಂತೆ.

ನಿಷ್ಠುರ

ಇಲ್ಲಿ ಎರಡು ವಿಷಯ ಕಲಸಿಹೋಗುತ್ತಿವೆ. ಮೂಲ ಸಂಕೇತ ಸಿಗಬೇಕು, ಬದಲಿಸಲು, ಹಂಚಲು ಅನುಮತಿ ಇರಬೇಕು; ಸ್ವಾತಂತ್ರ್ಯ ಎಂದರೆ ಅದು. ಓಡುತ್ತಿರುವಾಗಲೇ ಒಳಗಿನಿಂದ ಬದಲಿಸಬಹುದು ಎಂಬುದು ಬರೀ ಸೌಕರ್ಯ. ಗ್ನೂ ನ್ಯಾನೋ ಎಂಬ ಸರಳ ಎಡಿಟರ್ ಕೂಡ ಸ್ವತಂತ್ರ ತಂತ್ರಾಂಶವೇ. ಅದರೊಳಗೆ ಲಿಸ್ಪ್ ಇಲ್ಲ ಎಂದು ಅದರ ಸ್ವಾತಂತ್ರ್ಯ ಕಡಿಮೆಯಾಗುವುದಿಲ್ಲ. ಲಿನಕ್ಸ್ ಕರ್ನಲ್ ಬರೆದ ಲೀನಸ್ ಟೋರ್ವಾಲ್ಡ್ಸ್ ಬಳಸುವುದು ಮೈಕ್ರೋಇಮ್ಯಾಕ್ಸ್ ಎಂಬ ಪುಟ್ಟ ಎಡಿಟರ್. ಅದರ ಒಂದು ಪ್ರತಿಯನ್ನು ಅವರೇ ನಿರ್ವಹಿಸುತ್ತಾರೆ. ಪ್ಲಗಿನ್ ಇಲ್ಲ, ಪೊಟ್ಟಣಗಳ ಭಂಡಾರವೂ ಇಲ್ಲ.

ಪಿಒ ಕಡತ ತಿದ್ದಲು ಇಮ್ಯಾಕ್ಸ್ ಕಲಿಯುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಪೋಎಡಿಟ್, ಲೋಕಲೈಸ್‌ನಂಥ ಅನುವಾದದ ಉಪಕರಣಗಳೇ ಇವೆಯಲ್ಲ.

ಹಳೆಕೀಲಿ

ಒಂದು ತಿದ್ದುಪಡಿ: ಟೋರ್ವಾಲ್ಡ್ಸ್ ಬಳಸುವ ಆ ಮೈಕ್ರೋಇಮ್ಯಾಕ್ಸ್‌ನ ಪರವಾನಗಿ ವಾಣಿಜ್ಯೇತರ ಹಂಚಿಕೆಗೆ ಮಾತ್ರ ಅನುಮತಿ ಕೊಡುತ್ತದೆ. ವ್ಯಾಖ್ಯೆಯ ಪ್ರಕಾರ ಅದು ಸ್ವತಂತ್ರ ತಂತ್ರಾಂಶವಲ್ಲ. ನಿಮ್ಮ ಉದಾಹರಣೆ ನಿಮ್ಮ ವಾದಕ್ಕೇ ಅಡ್ಡಗಾಲು ಹಾಕುತ್ತಿದೆ.

ನಿಷ್ಠುರ

ಪರವಾನಗಿಯ ಮಾತು ಒಪ್ಪಿದೆ. ಆದರೆ ಪುಟ್ಟ ಎಡಿಟರ್ ಅನ್ನು ಒಬ್ಬನೇ ಪೂರ್ತಿ ಓದಿ ಅರ್ಥಮಾಡಿಕೊಳ್ಳಬಹುದು ಎಂಬ ಮಾತು ಹಾಗೇ ನಿಲ್ಲುತ್ತದೆ. ಇಮ್ಯಾಕ್ಸ್ ಅನ್ನು ಹಾಗೆ ಓದಿದವರು ಎಷ್ಟು ಜನ?

ಪದಸಂಚಿ

ನಿಷ್ಠುರ ಅವರೇ, ಸೌಕರ್ಯ ಎಂದು ತಳ್ಳಿಹಾಕಿದ್ದಕ್ಕೆ ನನ್ನ ತಕರಾರಿದೆ. ಪೋಎಡಿಟ್‌ನ ಮೂಲ ಸಂಕೇತವನ್ನು ಬದಲಿಸುವ ಹಕ್ಕು ನನಗೂ ಇದೆ. ಆದರೆ ಆ ಹಕ್ಕನ್ನು ಚಲಾಯಿಸಲು ನಾನು ಸಿ ಪ್ಲಸ್ ಪ್ಲಸ್ ಕಲಿಯಬೇಕು, ಕಂಪೈಲ್ ಮಾಡುವ ವ್ಯವಸ್ಥೆ ಕಟ್ಟಿಕೊಳ್ಳಬೇಕು, ಸಾವಿರಾರು ಸಾಲುಗಳಲ್ಲಿ ನನಗೆ ಬೇಕಾದ ಒಂದು ಸಾಲನ್ನು ಹುಡುಕಬೇಕು. ಪ್ರೋಗ್ರಾಮರ್‌ಗೆ ಅದು ಒಂದು ಸಂಜೆಯ ಕೆಲಸ. ನನ್ನ ಪಾಲಿಗೆ ಆ ಹಕ್ಕು ಗೋಡೆಗೆ ತೂಗುಹಾಕಿದ ಚಿತ್ರದಂತೆ. ಕಳೆದ ವಾರ ಮೊದಲ ಸಲ ಅದು ಕೈಗೆ ಎಟುಕುವಷ್ಟು ಹತ್ತಿರ ಬಂದದ್ದನ್ನು ಕಂಡೆ. ಅದಕ್ಕೇ ಇಲ್ಲಿ ಕೇಳಿದ್ದು.

ಕಿವಿಯೋದು

ಈ ಮಾತಿಗೆ ನನ್ನ ಅನುಭವ ಸೇರಿಸಬೇಕು. ನನಗೆ ಕಣ್ಣು ಕಾಣುವುದಿಲ್ಲ. ಹದಿನೈದು ವರ್ಷದಿಂದ ಇಮ್ಯಾಕ್ಸ್ ಅನ್ನು ಮಾತನಾಡಿಸುವ ಇಮ್ಯಾಕ್‌ಸ್ಪೀಕ್ ಬಳಸುತ್ತಿದ್ದೇನೆ. ಸ್ವತಃ ಅಂಧರಾದ ಟಿ. ವಿ. ರಾಮನ್ ಅವರು ಬರೆದು 1995ರಲ್ಲಿ ಬಿಡುಗಡೆ ಮಾಡಿದ ತಂತ್ರಾಂಶ ಅದು.

ಸಾಮಾನ್ಯ ಸ್ಕ್ರೀನ್ ರೀಡರ್ ಪರದೆಯ ಮೇಲೆ ಕಾಣುವುದನ್ನು ಓದುತ್ತದೆ. ಕ್ಯಾಲೆಂಡರ್ ತೆರೆದರೆ ಅಂಕಿಗಳ ಸಾಲನ್ನು ಒಂದೇ ಸಮನೆ ಉಸುರುತ್ತದೆ. ‘14’ ಎಂದು ಕೇಳಿಸಿದರೆ ಅದು ಯಾವ ವಾರ ಎಂದು ತಿಳಿಯಲು ಕೇಳುಗನೇ ತಲೆಯೊಳಗೆ ಕೋಷ್ಟಕ ಕಟ್ಟಿಕೊಳ್ಳಬೇಕು. ಇಮ್ಯಾಕ್‌ಸ್ಪೀಕ್ ಹಾಗೆ ಮಾಡುವುದಿಲ್ಲ. ಎರಡನೆಯಸಾಲು ಅವರು ಮೇಲೆ ಹೇಳಿದ ಅಡ್ವೈಸ್ ಇದೆಯಲ್ಲ, ಅದೇ ಉಪಾಯದಿಂದ ಅದು ಕ್ಯಾಲೆಂಡರ್‌ನ ಆಜ್ಞೆಗಳಿಗೇ ಮಾತು ಜೋಡಿಸುತ್ತದೆ. ದಿನ ಬದಲಿಸುವ ಆಜ್ಞೆ ಮುಗಿದೊಡನೆ, ಕರ್ಸರ್ ಈಗ ಯಾವ ದಿನಾಂಕದ ಮೇಲಿದೆ ಎಂದು ಇಮ್ಯಾಕ್ಸ್‌ಗೇ ಗೊತ್ತಿರುವುದರಿಂದ, ವಾರ, ದಿನಾಂಕ, ತಿಂಗಳು ಎಲ್ಲವನ್ನೂ ಪೂರ್ಣ ವಾಕ್ಯವಾಗಿ ನುಡಿಯುತ್ತದೆ. ಪರದೆಯನ್ನು ಓದುವುದಿಲ್ಲ, ಅರ್ಥವನ್ನು ಓದುತ್ತದೆ.

ಗಮನಿಸಿ, ಇದಕ್ಕಾಗಿ ಇಮ್ಯಾಕ್ಸ್‌ನ ತಿರುಳಿನಲ್ಲಿ ಒಂದು ಸಾಲನ್ನೂ ಬದಲಿಸಬೇಕಾಗಿರಲಿಲ್ಲ. ಕ್ಯಾಲೆಂಡರ್ ಬರೆದವರು ನನ್ನಂಥವರನ್ನು ನೆನೆದು ಬರೆದಿರಬೇಕೆಂದೂ ಇಲ್ಲ. ಯಾರ ಅಪ್ಪಣೆಯನ್ನೂ ಕಾಯದೆ, ಹೊರಗಿನಿಂದ ಒಬ್ಬರು ಇಡೀ ಎಡಿಟರ್‌ಗೆ ದನಿ ಕೊಟ್ಟರು. ಇದನ್ನು ಸೌಕರ್ಯ ಎಂದು ಕರೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ನಿಷ್ಠುರ

ಈ ಉದಾಹರಣೆಗೆ ನನ್ನಲ್ಲಿ ಉತ್ತರವಿಲ್ಲ. ‘ಬರೀ ಸೌಕರ್ಯ’ ಎಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಉಳಿದದ್ದನ್ನು ಅಲ್ಲ.

ಮಳೆಬಿಲ್ಲು

ಎಲ್ಲರೂ ಹಳೆಯ ಕಥೆಯನ್ನೇ ಹೇಳುತ್ತಿದ್ದೀರಿ. ಇಂದು ಹೊಸಬರು ಮೊದಲು ತೆರೆಯುವುದು ಮೈಕ್ರೋಸಾಫ್ಟ್ ಕಂಪನಿಯ ವಿಎಸ್ ಕೋಡ್ ಎಡಿಟರ್. ಅದಕ್ಕೂ ಸಾವಿರಾರು ವಿಸ್ತರಣೆಗಳಿವೆ, ಅದರ ಸಂಕೇತವೂ 2015ರಿಂದ ಎಂಐಟಿ ಎಂಬ ಸ್ವತಂತ್ರ ಪರವಾನಗಿಯಲ್ಲಿ ತೆರೆದಿದೆ. ಒಂದು ಕ್ಲಿಕ್‌ನಲ್ಲಿ ಬೇಕಾದದ್ದು ಬರುತ್ತದೆ. ಪದಸಂಚಿ ಅವರಿಗೆ ಅದನ್ನೇಕೆ ಹೇಳುತ್ತಿಲ್ಲ?

ಹಳೆಕೀಲಿ

ಅರ್ಧ ಮಾತ್ರ ಸರಿ. ಎಂಐಟಿ ಪರವಾನಗಿ ಇರುವುದು ಮೂಲ ಸಂಕೇತಕ್ಕೆ. ಮೈಕ್ರೋಸಾಫ್ಟ್ ತನ್ನ ಹೆಸರಿನಲ್ಲಿ ಕಟ್ಟಿ ಹಂಚುವ ಪ್ರತಿಗೆ ಬೇರೆಯದೇ, ಸ್ವತಂತ್ರವಲ್ಲದ ಪರವಾನಗಿ. ಅದರ ವಿಸ್ತರಣೆಗಳ ಮಾರುಕಟ್ಟೆಯ ಷರತ್ತು, ಅಲ್ಲಿಂದ ಪಡೆದದ್ದನ್ನು ಆ ಕಂಪನಿಯ ಉತ್ಪನ್ನಗಳೊಂದಿಗೆ ಮಾತ್ರ ಬಳಸಬೇಕು ಎನ್ನುತ್ತದೆ. ಪೈಥಾನ್‌ಗಾಗಿ ಇರುವ ಪೈಲಾನ್ಸ್, ದೂರದ ಗಣಕಕ್ಕೆ ಜೋಡಿಸುವ ರಿಮೋಟ್-ಎಸ್‌ಎಸ್‌ಎಚ್, ಇವುಗಳ ಪರವಾನಗಿಯೂ ಮುಚ್ಚಿದ್ದೇ. ಅದಕ್ಕೇ ಅದೇ ಸಂಕೇತದಿಂದ ವಿಎಸ್‌ಕೋಡಿಯಂ ಎಂಬ ಸ್ವತಂತ್ರ ಪ್ರತಿ ಕಟ್ಟುವವರು ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್ ಭಂಡಾರವನ್ನು ಅವಲಂಬಿಸುತ್ತಾರೆ.

ಎಡಿಟರ್ ತೆರೆದಿದ್ದು ಅದರ ಜೀವಾಳವಾದ ವಿಸ್ತರಣೆಗಳು ಮುಚ್ಚಿದ್ದರೆ ಬೀಗ ಬಾಗಿಲಿನಿಂದ ಪೆಟ್ಟಿಗೆಗೆ ಹೋಯಿತು, ಅಷ್ಟೇ.

ಮಳೆಬಿಲ್ಲು

ಷರತ್ತಿನ ವಿಷಯ ಗೊತ್ತಿರಲಿಲ್ಲ, ಓದಿದೆ, ನೀವು ಹೇಳಿದ್ದು ಸರಿ. ಆದರೂ ಒಂದು ಉಪಕಾರವನ್ನು ಮರೆಯಬೇಡಿ. 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಸೇರಿ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ (ಎಲ್‌ಎಸ್‌ಪಿ) ಇಲ್ಲದಿದ್ದರೆ ನಿಮ್ಮ ಇಮ್ಯಾಕ್ಸ್, ವಿಮ್‌ಗಳು ಇಂದು ಎಲ್ಲಿರುತ್ತಿದ್ದವು? ಮೊದಲು ಪ್ರತಿ ಎಡಿಟರ್ ಪ್ರತಿ ಪ್ರೋಗ್ರಾಮಿಂಗ್ ಭಾಷೆಗೂ ಬೇರೆ ಬೇರೆ ಬೆಂಬಲ ಬರೆಯಬೇಕಿತ್ತು. ಈಗ ಭಾಷೆಗೊಂದು ಸರ್ವರ್ ಬರೆದರೆ ಯಾವ ಎಡಿಟರ್ ಬೇಕಾದರೂ ಅದರೊಂದಿಗೆ ಮಾತನಾಡುತ್ತದೆ.

ಲುವಾಮಿತ್ರ

ಮಳೆಬಿಲ್ಲು ಹೇಳಿದ್ದು ನೂರಕ್ಕೆ ನೂರು ನಿಜ. ಇಮ್ಯಾಕ್ಸ್ ಈ ವಿಷಯದಲ್ಲಿ ಹಿಂದುಳಿಯಲು ಅದರ ಭಯವೇ ಕಾರಣ. ಜಿಸಿಸಿ ಕಂಪೈಲರ್ ತನ್ನೊಳಗಿನ ವಿಶ್ಲೇಷಣೆಯನ್ನು ಹೊರಗೆ ಕೊಟ್ಟರೆ ಮುಚ್ಚಿದ ತಂತ್ರಾಂಶಗಳು ಅದನ್ನು ಬಳಸಿಕೊಂಡುಬಿಡುತ್ತವೆ ಎಂದು ಸ್ಟಾಲ್ಮನ್ ವರ್ಷಗಟ್ಟಲೆ ಹಿಂಜರಿದರು. ಅಷ್ಟರಲ್ಲಿ ಎಲ್‌ಎಲ್‌ವಿಎಂನ ಕ್ಲ್ಯಾಂಗ್ ಕಂಪೈಲರ್ ಅದನ್ನು ಧಾರಾಳವಾಗಿ ಕೊಟ್ಟಿತು, ಉಪಕರಣ ಕಟ್ಟುವವರು ಅತ್ತ ಹೋದರು. ಕಾಯಲು ಹೋಗಿ ಕಳೆದುಕೊಂಡಂತಾಯಿತು.

ವಿಮ್ ಸಂಕೇತದಿಂದಲೇ ಕವಲೊಡೆದ ನಿಯೋವಿಮ್ ಹುಟ್ಟಿದ ಕಥೆಯೂ ಇಂಥದ್ದೇ. ಹಿನ್ನೆಲೆಯಲ್ಲಿ ಕೆಲಸ ನಡೆಸುವ ಸೌಲಭ್ಯಕ್ಕಾಗಿ ತಿಯಾಗೊ ಡಿ ಅರುಡಾ ವಿಮ್‌ಗೆ ಕಳುಹಿಸಿದ ಪ್ಯಾಚ್ (ಸಂಕೇತದ ತಿದ್ದುಪಡಿ) ಸೇರಲಿಲ್ಲ. 2014ರಲ್ಲಿ ಅವರು ಕವಲೊಡೆದರು. 2021ರ 0.5 ಆವೃತ್ತಿಯಲ್ಲಿ ಎಲ್‌ಎಸ್‌ಪಿ ಬೆಂಬಲ ಒಳಗೇ ಬಂದಿತು, ಜೊತೆಗೆ ಸಂಕೇತದ ರಚನೆಯನ್ನು ಗುರುತಿಸುವ ಟ್ರೀ-ಸಿಟರ್ ಕೂಡ. ಸಂರಚನೆಯನ್ನು ಪೂರ್ತಿಯಾಗಿ ಲುವಾ ಭಾಷೆಯಲ್ಲಿ ಬರೆಯಬಹುದು. ಕವಲೊಡೆಯುವ ಹಕ್ಕಿತ್ತು, ಚಲಾಯಿಸಿದರು, ಎಲ್ಲರಿಗೂ ಒಳ್ಳೆಯದಾಯಿತು.

ಕಪ್ಪುಪರದೆ

‘ಎಲ್ಲರಿಗೂ’ ಎಂಬುದು ವಿಮ್‌ಗೂ ಅನ್ವಯಿಸುತ್ತದೆ. 2016ರ ವಿಮ್ 8ರಲ್ಲಿ ಹಿನ್ನೆಲೆಯಲ್ಲಿ ಕೆಲಸ ನಡೆಸುವ ಜಾಬ್, ಚಾನೆಲ್‌ಗಳು ಬಂದವು. ಪಕ್ಕದ ಮನೆಯಲ್ಲಿ ದೀಪ ಹತ್ತಿದ ಮೇಲೆ ನಮ್ಮ ಮನೆಯಲ್ಲೂ ಹತ್ತಿತು ಎಂದು ನಾನು ತಿಳಿದುಕೊಂಡಿದ್ದೇನೆ. ಆದರೂ ವಿಮ್ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಹಳೆಕೀಲಿ

ಲುವಾಮಿತ್ರ, ಜಿಸಿಸಿ ವಿಷಯದಲ್ಲಿ ನಿಮ್ಮ ಮಾತು ನನಗೆ ನೋವು ಕೊಟ್ಟರೂ ಅಲ್ಲಗಳೆಯಲಾರೆ. ಆದರೆ ಅದನ್ನು ಬರೀ ಭಯ ಎನ್ನಬೇಡಿ. 2016ರ ಇಮ್ಯಾಕ್ಸ್ 25ರಲ್ಲಿ ಹೊರಗಿನ ಮಾಡ್ಯೂಲ್‌ಗಳನ್ನು ಜೋಡಿಸುವ ಸೌಲಭ್ಯ ಕೊಟ್ಟಾಗಲೂ, ತಾನು ಜಿಪಿಎಲ್‌ಗೆ ಹೊಂದುತ್ತೇನೆ ಎಂಬ ಗುರುತು ಮಾಡ್ಯೂಲಿನೊಳಗೆ ಇರಲೇಬೇಕು, ಇಲ್ಲದಿದ್ದರೆ ಇಮ್ಯಾಕ್ಸ್ ಅದನ್ನು ತೆರೆಯುವುದೇ ಇಲ್ಲ ಎಂದು ಮಾಡಿದರು. ಮೇಲೆ ಹೇಳಿದ ಪೈಲಾನ್ಸ್‌ನಂಥ ಸ್ಥಿತಿ ಬರಬಾರದು ಎಂಬುದೇ ಅದರ ಉದ್ದೇಶ. ಸೌಲಭ್ಯ ತಡವಾಯಿತು, ಆದರೆ ಬಾಗಿಲು ತೆರೆದವರಿಗೆ ಏನನ್ನು ಕಾಯುತ್ತಿದ್ದೇವೆ ಎಂಬುದು ತಿಳಿದಿತ್ತು. ಎಲ್‌ಎಸ್‌ಪಿ ಬೆಂಬಲ ಕೊಡುವ ಎಗ್ಲಾಟ್ ಮತ್ತು ಟ್ರೀ-ಸಿಟರ್ ಎರಡೂ 2023ರ ಇಮ್ಯಾಕ್ಸ್ 29ರಲ್ಲಿ ಒಳಗೇ ಬಂದಿವೆ.

ಎರಡನೆಯಸಾಲು

ಟ್ರೀ-ಸಿಟರ್ ಹುಟ್ಟಿದ್ದು ಆಟಮ್ ಎಡಿಟರ್‌ಗಾಗಿ. ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟುವ ಚೌಕಟ್ಟಾದ ಎಲೆಕ್ಟ್ರಾನ್ ಕೂಡ ಅಲ್ಲಿಯದೇ, ಮೊದಲ ಹೆಸರು ಆಟಮ್ ಶೆಲ್. ಅದನ್ನು ಕಟ್ಟಿದ ಗಿಟ್‌ಹಬ್ ಕಂಪನಿ 2022ರ ಡಿಸೆಂಬರ್‌ನಲ್ಲಿ ಆಟಮ್ ಕೆಲಸ ನಿಲ್ಲಿಸಿತು. ಸಂಕೇತ ಸ್ವತಂತ್ರವಾಗಿದ್ದರಿಂದ ಪಲ್ಸರ್ ಹೆಸರಿನಲ್ಲಿ ಬಳಕೆದಾರರು ಅದನ್ನು ಮುಂದುವರಿಸಿದರು. ಎಡಿಟರ್ ಸತ್ತರೂ ಅಂಗಾಂಗಗಳು ಇನ್ನೂ ಎಲ್ಲೆಲ್ಲೋ ದುಡಿಯುತ್ತಿವೆ.

ಕಾವಲು

ಎಲ್ಲರೂ ವಿಸ್ತರಣೆಯ ಗುಣಗಾನ ಮಾಡುತ್ತಿದ್ದೀರಿ, ಅಪಾಯದ ಮಾತನ್ನು ಯಾರೂ ಎತ್ತಿಲ್ಲ. ನೀವು ಹಾಕಿಕೊಳ್ಳುವ ವಿಸ್ತರಣೆ ನಿಮ್ಮ ಎಲ್ಲ ಹಕ್ಕುಗಳೊಂದಿಗೆ ಓಡುತ್ತದೆ. ನಿಮ್ಮ ಕಡತಗಳನ್ನು ಓದಬಲ್ಲದು, ಜಾಲಕ್ಕೆ ಕಳುಹಿಸಬಲ್ಲದು. ಇಮ್ಯಾಕ್ಸ್, ವಿಮ್, ವಿಎಸ್ ಕೋಡ್ ಮೂರರಲ್ಲೂ ಇದೇ ಕಥೆ.

ವಿಸ್ತರಣೆ ಹಾಕದಿದ್ದರೂ ಪೂರ್ತಿ ನಿಶ್ಚಿಂತೆಯಿಲ್ಲ. ಕಡತದೊಳಗಿನ ಸಾಲೊಂದು ಎಡಿಟರ್‌ಗೆ ಸೂಚನೆ ಕೊಡುವ ಮೋಡ್‌ಲೈನ್ ಎಂಬ ಸೌಲಭ್ಯ ವಿಮ್‌ನಲ್ಲಿದೆ. 2019ರಲ್ಲಿ ಅದರ ದೋಷವೊಂದು ಬಯಲಾಯಿತು: ದುರುದ್ದೇಶದಿಂದ ಬರೆದ ಕಡತವನ್ನು ತೆರೆದರೆ ಸಾಕು, ಅದರೊಳಗಿನ ಆಜ್ಞೆ ಓಡುತ್ತಿತ್ತು. ನಿಯೋವಿಮ್‌ನಲ್ಲೂ ಅದೇ ದೋಷವಿತ್ತು. 2024ರಲ್ಲಿ ಇಮ್ಯಾಕ್ಸ್ 29.3 ಮತ್ತು 29.4 ಎರಡನ್ನೂ ತುರ್ತಾಗಿ ಬಿಡುಗಡೆ ಮಾಡಿದ್ದು ಟಿಪ್ಪಣಿ ಬರೆಯಲು ಬಳಸುವ ಆರ್ಗ್-ಮೋಡ್‌ನ ಇಂಥವೇ ದೋಷಗಳಿಗಾಗಿ. ಎಲ್ಲವನ್ನೂ ಬೇಗ ಸರಿಪಡಿಸಿದರು. ಆದರೆ ಬರಹದ ಕಡತವೂ ಪ್ರೋಗ್ರಾಮ್ ಆಗಬಲ್ಲ ಎಡಿಟರ್‌ನಲ್ಲಿ ಬರಹವೂ ಅಪಾಯ ತರಬಲ್ಲದು. ಅಪ್‌ಡೇಟ್ ಮುಂದೂಡಬೇಡಿ, ಕಂಡಕಂಡ ಪೊಟ್ಟಣ ಹಾಕಿಕೊಳ್ಳಬೇಡಿ.

ಲುವಾಮಿತ್ರ

ಒಪ್ಪುತ್ತೇನೆ. ನಾನು ಒಂದು ಕಾಲದಲ್ಲಿ ಅರವತ್ತಕ್ಕೂ ಹೆಚ್ಚು ಪ್ಲಗಿನ್ ಹಾಕಿಕೊಂಡಿದ್ದೆ. ಒಂದು ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಅಪ್‌ಡೇಟ್ ಮಾಡಿದಾಗ ಎಡಿಟರ್ ತೆರೆಯಲೇ ಇಲ್ಲ, ಅರ್ಧ ದಿನ ಹಾಳಾಯಿತು. ಈಗ ಹನ್ನೊಂದು ಇವೆ, ಪ್ರತಿಯೊಂದರ ಸಂಕೇತವನ್ನೂ ಒಮ್ಮೆಯಾದರೂ ಓದಿದ್ದೇನೆ.

ಹೊಸಹೆಜ್ಜೆ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಇಮ್ಯಾಕ್ಸ್‌ನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆಯೇ? ನನ್ನ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಹಳೆಕೀಲಿ

ಟರ್ಮಿನಲ್ ಬಿಟ್ಟು ಅದರದೇ ಕಿಟಕಿಯಲ್ಲಿ ತೆರೆಯಿರಿ. 2020ರ 27ನೇ ಆವೃತ್ತಿಯಿಂದ ಅಕ್ಷರಗಳನ್ನು ಜೋಡಿಸಿ ಮೂಡಿಸುವ ಹಾರ್ಫ್‌ಬಜ್ ಬಳಕೆಯಲ್ಲಿದೆ, ಒಳ್ಳೆಯ ಕನ್ನಡ ಫಾಂಟ್ ಇದ್ದರೆ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ಟೈಪಿಸಲು ಕಂಟ್ರೋಲ್ ಜೊತೆಗೆ ಹಿಂಬದಿಯ ಓರೆಗೆರೆ ಒತ್ತಿ, ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಮೂಡಿಸುವ ಕನ್ನಡ-ಐಟ್ರಾನ್ಸ್ ಆರಿಸಿ. ಕಂಟ್ರೋಲ್-ಎಚ್, ಎಚ್ ಒತ್ತಿದರೆ ನಾನಾ ಭಾಷೆಗಳ ನಮಸ್ಕಾರಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ ನಮ್ಮದೂ ಇದೆ. ಮೊದಲು ಅದನ್ನು ನೋಡಿ, ಅದು ಸರಿ ಕಂಡರೆ ಉಳಿದದ್ದೂ ಕಾಣುತ್ತದೆ.

ಪದಸಂಚಿ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಮೊದಲ ಮೂರು ದಿನ ಬಹಳ ಕಷ್ಟವಾಯಿತು. ಒಳಗೇ ಇರುವ ಪಾಠವನ್ನು ಎರಡು ಸಲ ಮುಗಿಸಿದೆ. ಏನು ಮಾಡಬೇಕೆಂದು ತೋಚದಾದಾಗಲೆಲ್ಲ, ಅರ್ಧಕ್ಕೆ ನಿಂತ ಆಜ್ಞೆಯನ್ನು ರದ್ದುಮಾಡುವ ಕಂಟ್ರೋಲ್-ಜಿ ಒತ್ತಿದೆ.

ಐದನೆಯ ದಿನ ಒಂದು ಬಯಕೆ ಹುಟ್ಟಿತು. ಮೂಲ ವಾಕ್ಯದಲ್ಲಿ ಶೇಕಡಾ ಚಿಹ್ನೆಯ ಜೊತೆ ಎಸ್ ಇರುತ್ತದೆ, ಪ್ರೋಗ್ರಾಮ್ ಆ ಜಾಗದಲ್ಲಿ ಹೆಸರೋ ಸಂಖ್ಯೆಯೋ ತುಂಬುತ್ತದೆ. ಅನುವಾದದಲ್ಲಿ ಅದನ್ನು ಬಿಟ್ಟರೆ ಪ್ರೋಗ್ರಾಮ್ ಕೈಕೊಡುತ್ತದೆ. ನಾನು ಹಿಂದೆ ಎರಡು ಸಲ ಬಿಟ್ಟಿದ್ದೇನೆ. ಅನುವಾದ ಮುಗಿಸಿ ಕಿಟಕಿ ಮುಚ್ಚಿದೊಡನೆ ಎರಡೂ ಕಡೆ ಎಣಿಸಿ ಹೊಂದದಿದ್ದರೆ ಎಚ್ಚರಿಸುವ ಆಜ್ಞೆಯೊಂದನ್ನು ಬರೆದೆ. ಒಂಬತ್ತು ಸಾಲು. ಅರ್ಧವನ್ನು ಪಿಒ-ಮೋಡ್‌ನ ಮೂಲ ಸಂಕೇತ ನೋಡಿಯೇ ಕಲಿತದ್ದು.

ನಿಷ್ಠುರ

ಅನುವಾದದ ಉಪಕರಣಗಳ ಕಂತೆಯಾದ ಗೆಟ್‌ಟೆಕ್ಸ್ಟ್ ಜೊತೆಗೆ ಬರುವ ಎಂಎಸ್‌ಜಿಎಫ್‌ಎಂಟಿಗೆ ಚೆಕ್ ಎಂಬ ಆಯ್ಕೆ ಕೊಟ್ಟರೆ ಈ ತಪ್ಪುಗಳನ್ನು ಅದೇ ಹಿಡಿಯುತ್ತದೆ. ನಿಮ್ಮ ಎಣಿಕೆಗಿಂತ ಅದು ಗಟ್ಟಿ; ಎಸ್ ಜಾಗದಲ್ಲಿ ಡಿ ಬರೆದದ್ದನ್ನೂ ಹಿಡಿಯುತ್ತದೆ.

ಪದಸಂಚಿ

ಗೊತ್ತಿರಲಿಲ್ಲ, ಧನ್ಯವಾದ. ಕಳುಹಿಸುವ ಮೊದಲು ಅದನ್ನು ಖಂಡಿತ ಓಡಿಸುತ್ತೇನೆ. ಆದರೆ ಅದು ಇಡೀ ಕಡತ ಮುಗಿದ ಮೇಲೆ ಹೇಳುತ್ತದೆ. ವಾಕ್ಯ ಇನ್ನೂ ತಲೆಯಲ್ಲಿ ಬಿಸಿಯಾಗಿರುವಾಗಲೇ ನನಗೆ ತಿಳಿಯಬೇಕು. ಹಾಗಾಗಿ ನನ್ನ ಒಂಬತ್ತು ಸಾಲುಗಳನ್ನು ಉಳಿಸಿಕೊಳ್ಳುತ್ತೇನೆ. ಒಂದು ತೊಂದರೆ ಮಾತ್ರ ಬಗೆಹರಿದಿಲ್ಲ: ಎಣಿಸಿದ ಮೇಲೆ ಕರ್ಸರ್ ಎಲ್ಲೋ ಕೆಳಗೆ ಹೋಗಿ ನಿಲ್ಲುತ್ತದೆ. ಸಂಕೇತವನ್ನು ಗೆಳತಿಯ ಭಂಡಾರದಲ್ಲಿ ಹಾಕಿದ್ದೇನೆ, ಎರಡನೆಯಸಾಲು ಅವರಿಗೆ ಕೊಂಡಿಯನ್ನೂ ಕಳುಹಿಸಿದ್ದೇನೆ.

ಎರಡನೆಯಸಾಲು

ನೋಡಿದೆ. ಹುಡುಕುವ ಆಜ್ಞೆ ಕರ್ಸರ್ ಅನ್ನು ತನ್ನ ಜೊತೆಗೇ ಎಳೆದೊಯ್ಯುತ್ತದೆ. ಮೂರನೆಯ ಸಾಲಿನಿಂದ ಎಂಟನೆಯದರವರೆಗೆ ಸೇವ್-ಎಕ್ಸ್‌ಕರ್ಶನ್ ಒಳಗೆ ಸುತ್ತಿಡಿ, ಕೆಲಸ ಮುಗಿದ ಮೇಲೆ ಕರ್ಸರ್ ಇದ್ದಲ್ಲಿಗೇ ಮರಳುತ್ತದೆ. ಎರಡು ಶೇಕಡಾ ಚಿಹ್ನೆ ಒಟ್ಟಿಗೆ ಬಂದರೆ ಅದು ಬರೀ ಶೇಕಡಾ ಚಿಹ್ನೆ ಎಂದರ್ಥ, ಅದನ್ನು ಎಣಿಸಬಾರದು, ಅದನ್ನೂ ಸರಿಪಡಿಸಿ.

ಪದಸಂಚಿ

ಸುತ್ತಿಟ್ಟೆ. ಕರ್ಸರ್ ನಿಂತಿತು. ಎರಡು ಚಿಹ್ನೆಯದನ್ನು ಇಂದು ರಾತ್ರಿ ನೋಡುತ್ತೇನೆ.